ಚುಕ್ಕೆ ಎಲ್ಲಿ, ಬದು ಎಲ್ಲಿ

(ಮಂಡ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮಂಡ್ಯದಿಂದ ಮದ್ದೂರಿಗೆ ಹೆದ್ದಾರಿಯಲ್ಲಿ ಹೋಗುವಾಗ ಗೆಜ್ಜಲಗೆರೆಯ ಆಸುಪಾಸಿನಲ್ಲಿ ನಾವೆಲ್ಲ ಒಂದು ಗೆರೆ ದಾಟುತ್ತೇವೆ. ಅದಕ್ಕೆ ಕಲ್ಲು ನೆಟ್ಟಿಲ್ಲ, ಬೋರ್ಡು ಹಾಕಿಲ್ಲ, ಪುಣ್ಯಕ್ಕೆ ಟೋಲೂ ಇಲ್ಲ. ಅದು ಪೂರ್ವ ರೇಖಾಂಶ 77 ಡಿಗ್ರಿ. ಮಂಡ್ಯ ಪಟ್ಟಣ ಅದರ ಪಶ್ಚಿಮಕ್ಕಿದೆ, ಮದ್ದೂರು ಮತ್ತು ಮಳವಳ್ಳಿ ಪೂರ್ವಕ್ಕಿವೆ. ಸರ್ವೆ ಆಫ್ ಇಂಡಿಯಾ ದೇಶವನ್ನು ಚೌಕ ಚೌಕವಾಗಿ ಹಂಚಿ ಟೊಪೊಶೀಟುಗಳನ್ನು ಅಚ್ಚು ಹಾಕಿದಾಗ ಈ ಗೆರೆಯ ಪಶ್ಚಿಮದ ಚೌಕ 57 ಡಿ ಆಯಿತು, ಪೂರ್ವದ್ದು 57 ಎಚ್ ಆಯಿತು. ಮಂಡ್ಯ 57 ಡಿ/14ರಲ್ಲಿ, ಮದ್ದೂರು 57 ಎಚ್/2ರಲ್ಲಿ, ಮಳವಳ್ಳಿ 57 ಎಚ್/3ರಲ್ಲಿ ಬಿದ್ದವು. ಅಕ್ಕಪಕ್ಕದ ಮೂರು ಊರು ನೋಡಲು ಮೂರು ಹಾಳೆ ಕೊಂಡು ಅಂಚಿಗೆ ಅಂಚು ಕೂಡಿಸಬೇಕಿತ್ತು.

ಈಗ ಹಾಳೆಗಳ ಅಂಚು ಮಾಯವಾಗಿದೆ, ಸಂಖ್ಯೆಗಳು ಉಳಿದಿವೆ. ಮದುವೆ ಕರೆಯೋಲೆಯಲ್ಲಿ, ಬೆಳೆ ಸಮೀಕ್ಷೆಯಲ್ಲಿ, ಉದ್ಯೋಗ ಖಾತ್ರಿ ಕಾಮಗಾರಿಯ ಫೋಟೊದಲ್ಲಿ, ಆಂಬುಲೆನ್ಸ್ ಕರೆಯಲ್ಲಿ, ಜಮೀನು ಮಾರುವವರ ವಾಟ್ಸಾಪಿನಲ್ಲಿ ಅವೇ ಓಡಾಡುತ್ತಿವೆ. ಬಳಸುವವರು ಲಕ್ಷಾಂತರ, ಓದಬಲ್ಲವರು ಕಡಿಮೆ. ನನ್ನ ವಾದ ಇಷ್ಟೇ: ಈ ಜೋಡಿ ಸಂಖ್ಯೆ ದಾರಿ ತೋರಿಸಬಲ್ಲದು, ಹಕ್ಕು ಹೇಳಲಾರದು. ಈ ಎರಡನ್ನು ಬೆರೆಸಿಕೊಂಡ ಕಡೆಯಲ್ಲೆಲ್ಲ ಜಗಳ ಹುಟ್ಟುತ್ತದೆ.

ಮೊದಲು ಓದುವುದನ್ನು ಕಲಿಯೋಣ. ಮಂಡ್ಯ ಸುಮಾರು 12.52, 76.90. ಮದ್ದೂರು 12.58, 77.04. ಮಳವಳ್ಳಿ 12.38, 77.06. ಮೊದಲನೆಯದು ಅಕ್ಷಾಂಶ, ಸಮಭಾಜಕದಿಂದ ಎಷ್ಟು ಉತ್ತರಕ್ಕೆ ಎಂಬುದು. ಎರಡನೆಯದು ರೇಖಾಂಶ, ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕೆ ಎಂಬುದು. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಹೆಚ್ಚುಕಡಿಮೆ 110.6 ಕಿಲೋಮೀಟರು. ಧ್ರುವದ ಕಡೆಗೆ ಹೋದಂತೆ ರೇಖೆಗಳು ಹತ್ತಿರವಾಗುವುದರಿಂದ ಒಂದು ಡಿಗ್ರಿ ರೇಖಾಂಶ ಇಲ್ಲಿ ಸುಮಾರು 108.7 ಕಿಲೋಮೀಟರು. ಇಷ್ಟು ಗೊತ್ತಿದ್ದರೆ ಮ್ಯಾಪು ತೆರೆಯದೆಯೇ ಮಾತಾಡಬಹುದು. ಮದ್ದೂರು, ಮಳವಳ್ಳಿಗಳ ರೇಖಾಂಶ ಹೆಚ್ಚುಕಡಿಮೆ ಒಂದೇ, ಅಕ್ಷಾಂಶದಲ್ಲಿ 0.20 ವ್ಯತ್ಯಾಸ. ಅಂದರೆ ಮಳವಳ್ಳಿ ಮದ್ದೂರಿನ ನೇರ ದಕ್ಷಿಣಕ್ಕೆ 22 ಕಿಲೋಮೀಟರಿನಲ್ಲಿದೆ. ಮಂಡ್ಯದಿಂದ ಮದ್ದೂರಿಗೆ ಪೂರ್ವಕ್ಕೆ 15, ಉತ್ತರಕ್ಕೆ ಆರೂವರೆ ಕಿಲೋಮೀಟರು. ಪೈಥಾಗೊರಸನನ್ನು ಕರೆದರೆ ಹಕ್ಕಿ ಹಾರುವ ದೂರ ಹದಿನಾರೂವರೆ ಎಂದು ಹೇಳುತ್ತಾನೆ. ಬಸ್ಸಿನ ದೂರ ಅದಕ್ಕಿಂತ ಹೆಚ್ಚು, ಏಕೆಂದರೆ ಬಸ್ಸು ಹಕ್ಕಿಯಲ್ಲ.

ಇನ್ನು ದಶಮಾಂಶ ಚುಕ್ಕಿಯ ನಂತರದ ಅಂಕಿಗಳ ಮಾತು. ಒಂದು ಅಂಕಿ ಕೊಟ್ಟರೆ 11 ಕಿಲೋಮೀಟರಿನಷ್ಟು ಒರಟು ಗುರುತು. ಅದರಲ್ಲಿ ಒಂದು ಹೋಬಳಿಯೇ ಅಡಗಬಹುದು. ಎರಡು ಅಂಕಿ 1.1 ಕಿಲೋಮೀಟರು, ಒಂದು ಊರು. ಮೂರು ಅಂಕಿ 110 ಮೀಟರು, ಒಂದು ಬೀದಿ. ನಾಲ್ಕು ಅಂಕಿ 11 ಮೀಟರು, ಒಂದು ಮನೆ. ಐದು ಅಂಕಿ 1.1 ಮೀಟರು, ಮನೆಯ ಬಾಗಿಲು. ಆರನೆಯ ಅಂಕಿ 11 ಸೆಂಟಿಮೀಟರು. ಕೆಲವು ಆ್ಯಪುಗಳು ಏಳೆಂಟು ಅಂಕಿ ತೋರಿಸುತ್ತವೆ. ಬಯಲಿನಲ್ಲಿ ಒಳ್ಳೆಯ ಫೋನಿನ ಜಿಪಿಎಸ್ಸೇ ಮೂರರಿಂದ ಐದು ಮೀಟರು ಆಚೀಚೆ ಆಗುವಾಗ ಏಳನೆಯ ಅಂಕಿ ಬರೀ ಠೀವಿ. ಐದು ಅಂಕಿ ಬರೆದುಕೊಂಡರೆ ಸಾಕು, ಮುಂದಿನದನ್ನು ನಂಬಬೇಡಿ.

ನಮ್ಮಲ್ಲಿ ಅತಿ ಹೆಚ್ಚು ನಡೆಯುವ ಎಡವಟ್ಟು ಬರೆಯುವ ಕ್ರಮದ್ದು. ಶಾಲೆಯ ಅಟ್ಲಾಸಿನಲ್ಲಿ ಮಂಡ್ಯ 12 ಡಿಗ್ರಿ 31 ನಿಮಿಷ, 76 ಡಿಗ್ರಿ 54 ನಿಮಿಷ. ನಿಮಿಷವೆಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ. ಆದ್ದರಿಂದ 31ನ್ನು 60ರಿಂದ ಭಾಗಿಸಿ 12.52 ಮಾಡಿಕೊಳ್ಳಬೇಕು, 54ನ್ನು ಭಾಗಿಸಿ 76.90 ಮಾಡಿಕೊಳ್ಳಬೇಕು. ಹಾಗೆ ಮಾಡದೆ ಫೋನಿನಲ್ಲಿ 12.31, 76.54 ಎಂದು ಒತ್ತಿದರೆ ಮಂಡ್ಯ ಎಲ್ಲಿಗೆ ಹೋಗುತ್ತದೆ ಗೊತ್ತೇ? ದಕ್ಷಿಣಕ್ಕೆ 23, ಪಶ್ಚಿಮಕ್ಕೆ 39 ಕಿಲೋಮೀಟರು ಸರಿದು ಮೈಸೂರಿನ ಪಶ್ಚಿಮದ ಹೊರವಲಯಕ್ಕೆ. ಇದರ ಕೇಡು ಏನೆಂದರೆ, ಉತ್ತರ ನಂಬುವ ಹಾಗೇ ಇರುತ್ತದೆ. ಚುಕ್ಕೆ ಕರ್ನಾಟಕದೊಳಗೇ ಬಿದ್ದಿದೆ, ಸುತ್ತ ಕನ್ನಡದ ಊರುಗಳೇ ಇವೆ. ಅನುಮಾನ ಬರುವುದೇ ಇಲ್ಲ. ಚುಕ್ಕಿಯ ನಂತರದ ಎರಡು ಅಂಕಿಗಳಲ್ಲಿ 60 ಅಥವಾ ಅದಕ್ಕಿಂತ ದೊಡ್ಡದು ಕಂಡರೆ ಅದು ನಿಮಿಷವಲ್ಲ, ದಶಮಾಂಶ. ಅದಕ್ಕಿಂತ ಚಿಕ್ಕದಾದರೆ ಬರೆದವರನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು ಎಡವಟ್ಟು ಅಷ್ಟು ಅಪಾಯದ್ದಲ್ಲ, ತಮಾಷೆಯದು. ಅಕ್ಷಾಂಶ, ರೇಖಾಂಶ ಅದಲುಬದಲು ಮಾಡಿ 76.90, 12.52 ಎಂದು ಕೊಟ್ಟರೆ ಮಂಡ್ಯ ಆರ್ಕ್ಟಿಕ್ ವೃತ್ತದ ಆಚೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ತಣ್ಣನೆಯ ಕಡಲಿಗೆ ಬೀಳುತ್ತದೆ. ಕಬ್ಬು ಬೆಳೆಯದ ಜಾಗವಾದ್ದರಿಂದ ತಪ್ಪು ತಕ್ಷಣ ಗೊತ್ತಾಗುತ್ತದೆ. ಆದರೆ ಕಂಪ್ಯೂಟರಿನವರು ಬೇಕೆಂದೇ ಹಾಗೆ ಬರೆಯುವುದುಂಟು. ಜಿಯೋಜೇಸನ್, ಕೆಎಂಎಲ್ ಎಂಬ ಫೈಲುಗಳಲ್ಲಿ ರೇಖಾಂಶವೇ ಮೊದಲು. ಗೂಗಲ್ ಮ್ಯಾಪಿನ ಹುಡುಕುಪಟ್ಟಿಯಲ್ಲಿ ಅಕ್ಷಾಂಶ ಮೊದಲು. ಕರ್ನಾಟಕದವರಿಗೆ ಒಂದು ಸುಲಭದ ಪರೀಕ್ಷೆ ಇದೆ: ನಮ್ಮ ರಾಜ್ಯದ ಅಕ್ಷಾಂಶ ಹನ್ನೊಂದೂವರೆಯಿಂದ ಹದಿನೆಂಟೂವರೆ, ರೇಖಾಂಶ ಎಪ್ಪತ್ತನಾಲ್ಕರಿಂದ ಎಪ್ಪತ್ತೆಂಟೂವರೆ. ಸಣ್ಣದು ಅಕ್ಷಾಂಶ, ದೊಡ್ಡದು ರೇಖಾಂಶ.

ಈ ಜಿಲ್ಲೆಯ ನೆಲಕ್ಕೂ ಈ ವಿದ್ಯೆಗೂ ಹಳೆಯ ನಂಟು. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಿದ್ದಾಗ ಬ್ರಿಟಿಷ್ ಸೇನೆಯ ಜನರಲ್ ಬೇರ್ಡ್‌ನ ತುಕಡಿ ರಾತ್ರಿ ಸುಲ್ತಾನಪೇಟೆ ತೋಪನ್ನು ಶೋಧಿಸಿ ಹಿಂತಿರುಗುವಾಗ ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿತ್ತಂತೆ. ನಕ್ಷತ್ರ ನೋಡಿ ಎಚ್ಚರಿಸಿದವನು ಆ ತುಕಡಿಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್. ಆ ಯುದ್ಧ ಮುಗಿದ ವರ್ಷವೇ ಆತ ಪರ್ಯಾಯ ದ್ವೀಪದ ಉದ್ದಗಲ ಅಳೆಯುವ ಯೋಜನೆ ಮುಂದಿಟ್ಟ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರ ರೇಖೆ ಅಳೆಯಲು ಶುರುಮಾಡಿದ. ಮುಂದೆ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿ ಸರ್ವೆ ಅದೇ. ಅತ್ತ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಸರ್ವೆ ಕೈಗೆತ್ತಿಕೊಂಡ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ಗೆದ್ದ ನೆಲವನ್ನು ಅಳೆಯುವುದು ಆಳುವುದರ ಮೊದಲ ಹೆಜ್ಜೆಯಾಗಿತ್ತು. ಅದನ್ನು ಮರೆಯಬೇಕಿಲ್ಲ, ಆ ಲೆಕ್ಕ ಅಚ್ಚುಕಟ್ಟಾಗಿತ್ತು ಎಂಬುದನ್ನೂ ಅಲ್ಲಗಳೆಯಬೇಕಿಲ್ಲ.

ಆ ಸರ್ವೆಗಳು ಬಳಸಿದ ಭೂಮಿಯ ಆಕಾರ ಮಾತ್ರ ಇವತ್ತಿನದಲ್ಲ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಚಪ್ಪಟೆ. ಎಷ್ಟು ಚಪ್ಪಟೆ ಎಂಬ ಲೆಕ್ಕವನ್ನು 1830ರಲ್ಲಿ ಜಾರ್ಜ್ ಎವರೆಸ್ಟ್ ಭಾರತಕ್ಕೆ ಹೊಂದುವಂತೆ ಕಟ್ಟಿಕೊಟ್ಟ. ನಮ್ಮ ಹಳೆಯ ಟೊಪೊಶೀಟುಗಳು ಅದರ ಮೇಲೆ ನಿಂತಿವೆ. ಜಿಪಿಎಸ್ ನಿಂತಿರುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕದ ಮೇಲೆ. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಸರ್ವೆ ಆಫ್ ಇಂಡಿಯಾ ಜನರಿಗೆ ಕೊಡುವ ಹಾಳೆಗಳನ್ನೂ ಅದಕ್ಕೇ ತಂದಿತು. ಹಳೆಯ ಹಾಳೆಯಿಂದ ಓದಿದ ಅಕ್ಷಾಂಶ–ರೇಖಾಂಶವನ್ನು ಹಾಗೇ ಫೋನಿಗೆ ಕೊಟ್ಟರೆ ಚುಕ್ಕೆ ನೂರು ಮೀಟರಿಗೂ ಮೀರಿ ಸರಿಯುತ್ತದೆ. ಬಾವಿ ಹುಡುಕಿ ಹೋದವರಿಗೆ ಬಾವಿ ಸಿಗದಿದ್ದರೆ ಬಾವಿಯದೂ ತಪ್ಪಲ್ಲ, ಫೋನಿನದೂ ತಪ್ಪಲ್ಲ. ರೇಖಾಂಶದ ಸೊನ್ನೆ ಎಲ್ಲಿ ಎಂಬುದೂ ಒಪ್ಪಂದವೇ. ನಮ್ಮ ಖಗೋಳ ಸಿದ್ಧಾಂತ ಗ್ರಂಥಗಳಿಗೆ ಉಜ್ಜಯಿನಿಯ ಮೇಲೆ ಹಾಯುವ ರೇಖೆ ಮೂಲ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ಗ್ರೀನಿಚ್ ಎಂದವು. ಪಂಚಾಂಗ ಗುಣಿಸುವವರು ಇಂದಿಗೂ ಊರಿಗೊಂದು ದೇಶಾಂತರ ಸಂಸ್ಕಾರ, ಅಂದರೆ ರೇಖಾಂಶದ ತಿದ್ದುಪಡಿ, ಮಾಡುತ್ತಾರೆ. ಉಜ್ಜಯಿನಿಯ ಸೂರ್ಯನಿಗಿಂತ ಮಂಡ್ಯದ ಸೂರ್ಯ ನಾಲ್ಕೂವರೆ ನಿಮಿಷ ಮುಂದೆ. ಗೋಡೆ ಗಡಿಯಾರಕ್ಕಿಂತ ಇಪ್ಪತ್ತೆರಡು ನಿಮಿಷ ಹಿಂದೆ, ಏಕೆಂದರೆ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಂಡ್ಯ ಗುಂಟೆಯ ಜಿಲ್ಲೆ. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಗದ್ದೆ ಎಂದರೆ ತಲೆಮಾರಿಗೊಮ್ಮೆ ಹಿಸ್ಸೆಯಾಗಿ, ಪೋಡಿಯಾಗಿ, ಕೊನೆಗೆ ಐದು ಗುಂಟೆ, ಹತ್ತು ಗುಂಟೆಯ ಪಟ್ಟಿಗಳಾಗಿ ನಿಂತಿರುವ ನೆಲ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ ಹತ್ತು ಮೀಟರಿಗೆ ಹತ್ತು ಮೀಟರು. ನೂರು ಮೀಟರು ಉದ್ದದ ಐದು ಗುಂಟೆ ಪಟ್ಟಿಯ ಅಗಲ ಎಷ್ಟು? ಐದೇ ಮೀಟರು. ಫೋನಿನ ತಪ್ಪು ಎಷ್ಟು ಎಂದು ಆಗಲೇ ಹೇಳಿದೆ: ಬಯಲಿನಲ್ಲಿ ಮೂರರಿಂದ ಐದು ಮೀಟರು. ತೆಂಗಿನ ತೋಟದೊಳಗೆ, ಎತ್ತರದ ಕಟ್ಟಡದ ಪಕ್ಕದಲ್ಲಿ ಇನ್ನೂ ಹೆಚ್ಚು. ಅಳೆಯುವ ಕೋಲಿನ ತಪ್ಪೇ ಹೊಲದ ಅಗಲದಷ್ಟಿರುವಾಗ ಆ ಕೋಲಿನಿಂದ ಬದು ತೀರ್ಮಾನಿಸಲು ಬರುವುದಿಲ್ಲ. ಹೊಲದ ಸುತ್ತ ನಡೆದು ವಿಸ್ತೀರ್ಣ ಹೇಳುವ ಆ್ಯಪುಗಳೂ ಹೀಗೆಯೇ: ಹತ್ತು ಎಕರೆಗೆ ಅಂದಾಜು ಚೆನ್ನಾಗಿ ಕೊಡುತ್ತವೆ, ಹತ್ತು ಗುಂಟೆಗೆ ಮನಸ್ತಾಪ ಕೊಡುತ್ತವೆ.

"ದಿಶಾಂಕ್‌ನಲ್ಲಿ ಗೆರೆ ಕಾಣ್ತದಲ್ಲ ಸಾರ್, ನನ್ನ ಪಂಪ್‌ಸೆಟ್ಟು ಗೆರೆ ಈಚೆಗೇ ಇದೆ" ಎಂದು ಕೇಳುವವರಿದ್ದಾರೆ. ದಿಶಾಂಕ್ ಒಳ್ಳೆಯ ಆ್ಯಪು. ನಿಂತ ಜಾಗದ ಸರ್ವೆ ನಂಬರು ಸ್ಥಳದಲ್ಲೇ ಹೇಳುತ್ತದೆ. ಕೆರೆ, ಗೋಮಾಳ, ಖರಾಬು ಅಂದಾಜು ಮಾಡಲು, ಜಮೀನು ಕೊಳ್ಳುವ ಮುನ್ನ ಒಮ್ಮೆ ಸುತ್ತು ಹಾಕಲು ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಆ ಗೆರೆ ಎಲ್ಲಿಂದ ಬಂತು? 1860ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ರೆವಿನ್ಯೂ ಸರ್ವೆಯ ಪರಂಪರೆಯ ಗ್ರಾಮ ನಕಾಶೆಗಳಿಂದ. ಸರಪಳಿ ಎಳೆದು, ಬಾಂದುಕಲ್ಲು ನೆಟ್ಟು, ಬಟ್ಟೆಯಂಥ ಹಾಳೆಯ ಮೇಲೆ ಬರೆದ ನಕಾಶೆಗಳವು. ಅಳತೆ ಸಾಮಾನ್ಯವಾಗಿ 1:7920, ಅಂದರೆ ಮೈಲಿಗೆ ಎಂಟು ಇಂಚು. ಆ ಪ್ರಮಾಣದಲ್ಲಿ ಅರ್ಧ ಮಿಲಿಮೀಟರು ದಪ್ಪದ ಶಾಯಿಯ ಗೆರೆಯೇ ನೆಲದ ಮೇಲೆ ನಾಲ್ಕು ಮೀಟರು ಅಗಲ. ಅದರ ಮೇಲೆ ಹಾಳೆ ಸುಕ್ಕಾಗಿದ್ದು, ಹಿಗ್ಗಿದ್ದು ಬೇರೆ. ಕೆರೆ ಕೋಡಿ, ರಸ್ತೆ ಕೂಡಿದ ಜಾಗ, ಮೂರು ಊರಿನ ಗಡಿ ಸೇರುವ ಕಲ್ಲು ಇಂಥವನ್ನು ಹಿಡಿದು ಆ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತಾರೆ. ನಾಲ್ಕು ಕಡೆ ಸರಿಯಾಗಿ ಕೂತದ್ದು ನಡುವೆ ಅಲ್ಲಿ ಇಲ್ಲಿ ಜಾರುವುದು ಸಹಜ. ಗೆರೆಯ ತಪ್ಪು ಒಂದು, ಫೋನಿನ ತಪ್ಪು ಇನ್ನೊಂದು, ಎರಡೂ ಕೂಡಿ ಪಂಪ್‌ಸೆಟ್ಟನ್ನು ಆಚೆ ತೋರಿಸಬಹುದು, ಈಚೆ ತೋರಿಸಬಹುದು. ಅದನ್ನು ನಂಬಿ ಬೇಲಿ ಕಿತ್ತವರು ಆಮೇಲೆ ವಕೀಲರ ಮನೆ ದಾರಿ ಹುಡುಕಬೇಕಾಗುತ್ತದೆ. ಆ ದಾರಿಯನ್ನು ಮಾತ್ರ ಫೋನು ಸರಿಯಾಗಿ ತೋರಿಸುತ್ತದೆ.

ಬದುವಿಗೆ ಆಧಾರ ಸರ್ವೆ ದಾಖಲೆಗಳಾದ ಟಿಪ್ಪಣಿ ಮತ್ತು ಆಕಾರಬಂದು. ಟಿಪ್ಪಣಿಯಲ್ಲಿ ಅಕ್ಷಾಂಶ, ರೇಖಾಂಶ ಇಲ್ಲ; ಕಲ್ಲಿನಿಂದ ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂಬುದಿದೆ. ಅದು ನೆರೆಹೊರೆಯ ನಡುವಿನ ಅಳತೆ, ಉಪಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿದರೆ ಸರ್ವೇಯರು ಅದನ್ನೇ ಹಿಡಿದು ಬರುತ್ತಾರೆ. ಈಚೆಗೆ ಅವರ ಕೈಗೆ ರೋವರ್ ಎಂಬ ಅಳತೆಯ ಉಪಕರಣ ಬಂದಿದೆ. ಸರ್ವೆ ಆಫ್ ಇಂಡಿಯಾ ಅಲ್ಲಲ್ಲಿ ನೆಟ್ಟಿರುವ, ಹಗಲೂ ರಾತ್ರಿ ಉಪಗ್ರಹಗಳನ್ನು ಆಲಿಸುತ್ತಲೇ ಇರುವ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ಅದು ಜಾಗ ಹೇಳುತ್ತದೆ. ಹಾಗಾದರೆ ಜಗಳ ಮುಗಿಯಿತೇ? ರೋವರು ಕಲ್ಲು ಈಗ ಎಲ್ಲಿದೆ ಎಂದು ಸೆಂಟಿಮೀಟರಿನಲ್ಲಿ ಹೇಳಬಲ್ಲದು. ಕಲ್ಲನ್ನು ಯಾರಾದರೂ ಸರಿಸಿದರೇ ಎಂಬುದನ್ನು ಟಿಪ್ಪಣಿಯೇ ಹೇಳಬೇಕು.

ಬೆಳೆ ಸಮೀಕ್ಷೆಗೂ ಇದೇ ಎಚ್ಚರ. 2020ರಿಂದ ರೈತರೇ ಫೋನಿನಲ್ಲಿ ತಮ್ಮ ಬೆಳೆಯ ಫೋಟೊ ತೆಗೆದು ದಾಖಲಿಸಬಹುದು. ಬದುವಿನ ಮೇಲೆ ನಿಂತು ಫೋಟೊ ತೆಗೆದರೆ ಚುಕ್ಕೆ ಪಕ್ಕದವರ ಸರ್ವೆ ನಂಬರಿಗೆ ಜಾರಬಹುದು, ನಿಮ್ಮ ರಾಗಿ ಅವರ ಹೆಸರಿಗೆ ನಿಲ್ಲಬಹುದು. ಗದ್ದೆಯ ನಡುವಿಗೆ ಹೋಗಿ, ಒಂದು ನಿಮಿಷ ಸುಮ್ಮನೆ ನಿಂತು, ಮ್ಯಾಪಿನ ನೀಲಿ ವೃತ್ತ ಕಿರಿದಾದ ಮೇಲೆ ಬಟನ್ ಒತ್ತಿ. ಆ ವೃತ್ತವೇ ಫೋನು ತನ್ನ ಅನುಮಾನವನ್ನು ಒಪ್ಪಿಕೊಳ್ಳುವ ರೀತಿ.

ಜೋಡಿ ಸಂಖ್ಯೆ ಹೇಳದ ಇನ್ನೆರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಎತ್ತರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಮದ್ದೂರಿನ ಮೇಲ್ಸೇತುವೆಯ ಮೇಲಿದ್ದರೂ ಕೆಳಗಿನ ರಸ್ತೆಯಲ್ಲಿದ್ದರೂ ಅಕ್ಷಾಂಶ, ರೇಖಾಂಶ ಒಂದೇ. ಮದ್ದೂರು ವಡೆ ತಿನ್ನಲು ಇಳಿಯಬೇಕಾದವರು ಮೇಲೇ ಹೋಗಿಬಿಡುವುದು ಹೀಗೆ. ಎರಡು, ಹೊಳೆ. ಶಿವನಸಮುದ್ರದ ಗಗನಚುಕ್ಕಿ ನೋಡುವ ಜಾಗ ಮಳವಳ್ಳಿ ತಾಲ್ಲೂಕಿನದು, ಭರಚುಕ್ಕಿ ಕೊಳ್ಳೇಗಾಲದ ಕಡೆಯದು. ಚುಕ್ಕೆಯಿಂದ ಚುಕ್ಕೆಗೆ ಹತ್ತಿರ, ನಡುವೆ ಕಾವೇರಿ ಇದೆ.

ಸಂಖ್ಯೆಗಳ ನಿಜವಾದ ಬಲ ಕಾಣುವುದು ಹೆಸರು ಕೈಕೊಟ್ಟಾಗ. ಹೊಸಹಳ್ಳಿ ಎಂದು ಹುಡುಕಿದರೆ ರಾಜ್ಯದ ತುಂಬ ಹೊಸಹಳ್ಳಿಗಳೇ. ಫೋನಿನಲ್ಲಿ ಕೇಳುವವರಿಗೆ "ಇಲ್ಲೇ ಕಣಣ್ಣಾ, ನಾಲೆ ಏರಿ ತಾವ" ಎಂದರೆ ಊರಿನವನಿಗೆ ಸಾಕು, ಆಂಬುಲೆನ್ಸಿನ ಚಾಲಕನಿಗೆ ಸಾಲದು. ಮುತ್ತತ್ತಿಯ ಕಾಡಿನಂಚಿನಂಥ ಕಡೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಏಕೆಂದರೆ ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿನ ಕನಿಷ್ಠ ನಾಲ್ಕು ಉಪಗ್ರಹಗಳ ಸಮಯ ಸಂಕೇತ ಸಿಕ್ಕರೆ ಲೆಕ್ಕ ಮುಗಿಯಿತು. ಜಿಪಿಎಸ್‌ನಂಥ ನಮ್ಮ ದೇಶದ್ದೇ ನಾವಿಕ್ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಇರುವುದು ಇಲ್ಲಿಂದ ದೂರವಲ್ಲದ ಬ್ಯಾಲಾಳಿನಲ್ಲಿ. ನೆಟ್‌ವರ್ಕ್ ಕ್ಷೀಣವಿದ್ದಾಗ ಮ್ಯಾಪು ತೆರೆಯಲು ಒದ್ದಾಡಬೇಡಿ. ಎರಡು ಸಂಖ್ಯೆಗಳನ್ನು ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿ, ಇಲ್ಲವೇ 112ಕ್ಕೆ ಕರೆ ಮಾಡಿ ಓದಿ ಹೇಳಿ. 2025ರ ಮೇನಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ಇದೇ ಸಂಖ್ಯೆಗಳನ್ನು ಹತ್ತು ಅಕ್ಷರದ ಸಂಕೇತಕ್ಕೆ ಇಳಿಸಿದೆ, ದೇಶದ ಪ್ರತಿ ನಾಲ್ಕು ಮೀಟರು ಚೌಕಕ್ಕೆ ಒಂದು. ಅದೂ ಜಾಗದ ಗುರುತೇ, ಖಾತೆಯಲ್ಲ.

ಜಾಗದ ಗುರುತು ಏಕೆ ಮುಖ್ಯ ಎಂಬುದಕ್ಕೆ ಕೊನೆಯದಾಗಿ ಆತಕೂರು. ಮದ್ದೂರು ತಾಲ್ಲೂಕಿನ ಈ ಊರಿನ ಕಲ್ಲು ನಿಮಗೆ ಗೊತ್ತು: ರಾಷ್ಟ್ರಕೂಟರೂ ಚೋಳರೂ ಕಾದಿದ ತಕ್ಕೋಲದ ಯುದ್ಧದ ಕಾಲದ್ದು, ಕ್ರಿ.ಶ. 949–50. ಗಂಗರ ದೊರೆ ಬೂತುಗನಿಂದ ಅವನ ಸಾಮಂತ ಮಣಲೆರ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದು ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಚಲ್ಲೇಶ್ವರ ಗುಡಿಯ ಮುಂದೆ ಇದ್ದ ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಎರಡು ಜಾಗ: ಹುಟ್ಟಿದ್ದು ಒಂದು, ಉಳಿದದ್ದು ಒಂದು. ನಾಯಿಯ ಕಥೆಗೆ ಅರ್ಥ ಬರುವುದು ಮೊದಲ ಜಾಗದಲ್ಲಿ, ಆ ಗುಡಿಯ, ಆ ಬಯಲಿನ ನಡುವೆ. 1894ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳನ್ನು ಅಚ್ಚು ಮಾಡಿದಾಗ ಜಾಗ ಹೇಳಿದ್ದು ಊರಿನ ಗುರುತುಗಳಿಂದ: ಗುಡಿಯ ಮುಂದೆ, ಕೆರೆಯ ಹತ್ತಿರ, ಯಾರದೋ ಹೊಲದಲ್ಲಿ. ಆ ಹೊಲ ಈಗ ಬಡಾವಣೆಯಾಗಿರಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿ ಜಾಗ ಸಮೇತ ದಾಖಲಿಸುತ್ತಿದೆ. ಮಂಡ್ಯದಲ್ಲಿ ಅದನ್ನು ಮಾಡಲು ಯಾರೂ ಹೊರಗಿನಿಂದ ಬರಬೇಕಿಲ್ಲ.

ವಿದ್ಯಾರ್ಥಿಗಳನ್ನು ಕೇಳಿಕೊಳ್ಳುವುದು ಇದನ್ನೇ. ನಿಮ್ಮೂರಿನ ವೀರಗಲ್ಲು, ಮಾಸ್ತಿಕಲ್ಲು, ಕಲ್ಯಾಣಿ, ಹಳೆಯ ತೂಬು, ಒಂದೊಂದರ ಪಕ್ಕ ನಿಂತು ಐದು ಅಂಕಿಯ ಜೋಡಿ ಬರೆದುಕೊಳ್ಳಿ. ಅಕ್ಷಾಂಶ ಮೊದಲು ಬರೆಯಿರಿ. ಯಾವತ್ತು, ಯಾವುದರ ಪಕ್ಕ ನಿಂತು ತೆಗೆದದ್ದು ಎಂದು ಒಂದು ಸಾಲು ಸೇರಿಸಿ. ಊರೊಳಗಿನವನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಕನ್ನಡದ ಹೆಸರಿನಲ್ಲೇ ಏರಿಸಿ. ಊರಾಚೆ ಒಂಟಿಯಾಗಿ ನಿಂತಿರುವ ಕಲ್ಲುಗಳ ಸಂಖ್ಯೆಯನ್ನು ಬಹಿರಂಗ ಮಾಡಬೇಡಿ, ನಿಧಿಗಳ್ಳರೂ ಮ್ಯಾಪು ಓದುತ್ತಾರೆ. ಅವುಗಳ ಪಟ್ಟಿ ಪುರಾತತ್ವ ಇಲಾಖೆಗೆ ಹೋಗಲಿ. ಎಲ್ಲದರ ಒಂದು ಪ್ರತಿಯನ್ನು ಕಾಗದದ ಮೇಲೆ ಬರೆದು ಊರಿನ ಶಾಲೆಯಲ್ಲಿಡಿ. ಹೊಲದ ಬದುವಿನ ತಕರಾರನ್ನು ಮಾತ್ರ ಆ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಿದೆ, ಹದ್ದುಬಸ್ತಿನ ಅರ್ಜಿ ಅಲ್ಲಿಗೆ ಕೊಡಿ.